ಸಹಾಯ ಬೇಕು: 45-70 ರೈಫಲ್‌ನ ಗುಂಡು ಒಂದೇ ಕಡೆ ಬೀಳುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಮೊಂಟಾನಾದಲ್ಲಿದ್ದೇನೆ. ಈ ಸಲದ ಎಲ್ಕ್ (ಇಲ್ಲಿನ ದೊಡ್ಡ ಜಿಂಕೆ) ಬೇಟೆಗೆ ಲೈಸೆನ್ಸ್ ಸಿಕ್ಕಿದೆ. ನನ್ನದು 45-70ರ ಲಿವರ್ ಆಕ್ಷನ್ ರೈಫಲ್, ಅಂದ್ರೆ ಕೆಳಗಿನ ಸನ್ನೆ ಎಳೆದು ಮುಂದಿನ ತೋಟಾ ಏರಿಸುವಂಥದ್ದು. 45-70 ಅನ್ನೋದು 1873ರಲ್ಲಿ ಇಲ್ಲಿನ ಸೈನ್ಯಕ್ಕೆ ಬಂದ ಹಳೇ ತೋಟಾ.

ತೋಟಾಗಳನ್ನು ಮನೆಯಲ್ಲೇ ತುಂಬುತ್ತೇನೆ. 405 ಗ್ರೇನ್ (ಸುಮಾರು 26 ಗ್ರಾಂ) ತೂಕದ ಗುಂಡು. ಮದ್ದಿನ ಅಳತೆ ತೋಟಾ ತುಂಬುವ ಕೈಪಿಡಿಯ ಲಿವರ್ ಆಕ್ಷನ್ ಭಾಗದ್ದೇ, ಅದನ್ನು ದಾಟಿಲ್ಲ. ಆದರೂ 100 ಗಜದಲ್ಲಿ ಐದು ಗುಂಡು 4 ಇಂಚು ಹರಡುತ್ತವೆ. ಅಂಗಡಿಯ ತೋಟಾ ಹಾಕಿದರೆ 2 ಇಂಚು. ಅಂದ್ರೆ ರೈಫಲ್ ಸರಿಯಾಗಿದೆ, ಅಲ್ವಾ? ವೇಗ ಅಳೆಯುವ ಕ್ರೋನೋಗ್ರಾಫ್‌ನಲ್ಲಿ ನೋಡಿದರೆ ಒಂದು ಗುಂಡಿಗೂ ಇನ್ನೊಂದಕ್ಕೂ ವೇಗದಲ್ಲಿ ಸೆಕೆಂಡಿಗೆ 60 ಅಡಿವರೆಗೂ ವ್ಯತ್ಯಾಸ.

ನನಗೆ ಕ್ರಿಂಪ್ ಮೇಲೆ, ಅಂದ್ರೆ ಕೇಸಿನ (ತೋಟಾದ ಲೋಹದ ಕವಚದ) ಬಾಯಿಯನ್ನು ಗುಂಡಿಗೆ ಒತ್ತಿ ಬಿಗಿಯುವುದರ ಮೇಲೆ ಅನುಮಾನ. ಕೇಸ್‌ಗಳನ್ನು ಇನ್ನೂ ಟ್ರಿಮ್ ಮಾಡಿಲ್ಲ. ಎಲ್ಲವೂ ಗರಿಷ್ಠ 2.105 ಇಂಚಿನ ಒಳಗೇ ಇವೆ, ಆದರೆ ಒಂದೊಂದು ಒಂದೊಂದು ಉದ್ದ. ಉದ್ದ ಇದ್ದದ್ದಕ್ಕೆ ಕ್ರಿಂಪ್ ಗಟ್ಟಿ, ಗಿಡ್ಡ ಇದ್ದದ್ದಕ್ಕೆ ಸಡಿಲ. ಕ್ರಿಂಪ್ ಬಿಟ್ಟುಬಿಡಿ ಅಂತ ಮಾತ್ರ ಹೇಳಬೇಡಿ. ಕೊಳವೆ ಮ್ಯಾಗಜೀನ್‌ನಲ್ಲಿ ತೋಟಾಗಳು ಒಂದರ ಹಿಂದೆ ಒಂದು ಕೂರುತ್ತವೆ. ಏಟಿನ ಒದೆತಕ್ಕೆ ಗುಂಡು ಕೇಸಿನೊಳಗೆ ಜಾರಿದರೆ ಒತ್ತಡ ಏರುತ್ತದೆ. ಚಪ್ಪಟೆ ಮೂತಿಯ ಗುಂಡು ಬಳಸುವುದೂ ಅದೇ ಮ್ಯಾಗಜೀನ್ ಕಾರಣಕ್ಕೆ, ಚೂಪು ಮೂತಿ ಮುಂದಿನ ತೋಟಾದ ಹಿಂಭಾಗದಲ್ಲಿ ಏಟಿಗೆ ಕಿಡಿ ಹೊತ್ತಿಸುವ ಪ್ರೈಮರ್‌ಗೆ ತಾಗಬಾರದಲ್ಲ.

ಪ್ರಾಣಿ ಗಾಯಗೊಂಡು ಕಾಡಲ್ಲಿ ನರಳುವುದು ನನಗೆ ಬೇಡವೇ ಬೇಡ. ಗುರಿ ಸರಿಹೋಗದಿದ್ದರೆ ಈ ವರ್ಷ ಬೇಟೆಗೇ ಹೋಗುವುದಿಲ್ಲ.

ಅನುಭವ ಇದ್ದವರು ತಿಳಿಸಿ. ಮೊದಲು ಕೇಸ್‌ಗಳನ್ನೆಲ್ಲ ಒಂದೇ ಉದ್ದಕ್ಕೆ ತರಲೇ, ಇಲ್ಲಾ ಮದ್ದು ಬದಲಿಸಿ ಕೈಪಿಡಿಯ ಕನಿಷ್ಠ ಅಳತೆಯಿಂದ ಮತ್ತೆ ಶುರು ಮಾಡಲೇ? ರೋಲ್ ಕ್ರಿಂಪ್ (ಕೇಸಿನ ಅಂಚನ್ನು ಒಳಕ್ಕೆ ಮಡಚುವ ವಿಧಾನ) ಬಿಟ್ಟು ಬೇರೆ ಡೈ (ಕ್ರಿಂಪ್ ಒತ್ತುವ ಅಚ್ಚು) ಬಳಸಿದವರಿಗೆ ವ್ಯತ್ಯಾಸ ಕಂಡಿತೇ?