ಮಂದೆ ನಾಯಿಗಳನ್ನು ಕಾಡಲ್ಲಿ ಹುಡುಕೋಕೆ ಯಾವ ಹ್ಯಾಂಡ್‌ಹೆಲ್ಡ್ ಜಿಪಿಎಸ್ ತಗೋಬೇಕು?

ಶಿರಾ_ಮಂದೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಾ ತಾಲ್ಲೂಕು, ಬುಕ್ಕಾಪಟ್ಟಣದ ಕಡೆ. ಕುರಿ ಮಂದೆ ಕಾಯೋಕೆ ಮೂರು ನಾಟಿ ನಾಯಿ ಇವೆ. ಚಿರತೆ ವಾಸನೆ ಬಡಿದರೆ ಗುಡ್ಡ ಹತ್ತಿಬಿಡ್ತವೆ. ಒಂದೆರಡು ಕಿ.ಮೀ. ಆಚೆ ಹೋದರೆ ಬೊಗಳೋದೂ ಕೇಳಲ್ಲ. ಗುಡ್ಡದ ಹಿಂದೆ ಫೋನ್ ಸಿಗ್ನಲ್ಲೂ ಇಲ್ಲ. ಅಮೆರಿಕದ ಬೇಟೆಗಾರರು ನಾಯಿ ಕೊರಳಿಗೆ ಆಂಟೆನಾ ಇರೋ ಪಟ್ಟಿ ಕಟ್ಟಿ, ಕೈಯಲ್ಲಿ ಗಾರ್ಮಿನ್ ಕಂಪನಿಯ ಆಸ್ಟ್ರೋ ಅಥವಾ ಆಲ್ಫಾ ಹಿಡಿದು ಹುಡುಕೋ ವಿಡಿಯೊ ನೋಡಿದೆ. ಅದನ್ನೇ ತರಿಸಬಹುದಾ? ಇಲ್ಲಾಂದ್ರೆ ಬದಲಿಗೆ ಏನಿದೆ?

ರೇಡಿಯೊ_ತುಮಕೂರು:
ದಯವಿಟ್ಟು ತರಿಸಬೇಡಿ. ಜಿಪಿಎಸ್ ಭಾಗದಲ್ಲಿ ಏನೂ ತೊಂದರೆಯಿಲ್ಲ, ತೊಂದರೆ ಇರೋದು ರೇಡಿಯೊದಲ್ಲಿ. ನಾಯಿ ಎಲ್ಲಿದೆ ಅನ್ನೋದು ಉಪಗ್ರಹದಿಂದ ಪಟ್ಟಿಗೆ ಗೊತ್ತಾಗುತ್ತೆ, ಆದರೆ ಅದನ್ನ ನಿಮ್ಮ ಕೈಗೆ ಮುಟ್ಟಿಸೋದು ಪಟ್ಟಿಯೊಳಗಿನ ವಿಎಚ್‌ಎಫ್ ಟ್ರಾನ್ಸ್‌ಮಿಟರ್. ಅಮೆರಿಕದ ಮಾಡೆಲ್‌ಗಳು 151ರಿಂದ 155 ಮೆಗಾಹರ್ಟ್ಸ್ ನಡುವಿನ, ಮರ್ಸ್ ಅಂತ ಕರೆಯೋ ಚಾನೆಲ್‌ಗಳಲ್ಲಿ ಕೆಲಸ ಮಾಡ್ತವೆ. ಅಲ್ಲಿ ಅದಕ್ಕೆ ಲೈಸೆನ್ಸ್ ಬೇಡ, ನಮ್ಮಲ್ಲಿ ಬೇಕು. ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಇದ್ದವರಿಗೂ ಆಗಲ್ಲ, ಈ ಆಸುಪಾಸಿನಲ್ಲಿ ಅವರಿಗೆ ಇರೋದು 144ರಿಂದ 146 ಮೆಗಾಹರ್ಟ್ಸ್ ಮಾತ್ರ.

ಆಲ್ಫಾ 200ಐ ಅಂತೂ ಮುಟ್ಟಲೇಬೇಡಿ. ಅದರಲ್ಲಿ ಇರಿಡಿಯಂ ಉಪಗ್ರಹದ ಮೂಲಕ ಸಂದೇಶ ಕಳಿಸೋ ಇನ್‌ರೀಚ್ ಇದೆ. ದೂರಸಂಪರ್ಕ ಇಲಾಖೆ ಅನುಮತಿ ಇಲ್ಲದೆ ಅಂಥದ್ದು ತಂದವರನ್ನ ವಿಮಾನ ನಿಲ್ದಾಣದಲ್ಲೇ ಹಿಡಿದು ಕೇಸ್ ಹಾಕಿದ್ದಾರೆ. ಇನ್ನು ಆ ಕಂಪನಿ ಹೇಳೋ 9 ಮೈಲಿ ದೂರ ಬಯಲಿನ ಲೆಕ್ಕ. ನಡುವೆ ಒಂದು ಬಂಡೆಗುಡ್ಡ ಬಂದರೆ ಸಿಗ್ನಲ್ ಅಷ್ಟು ದೂರ ಮುಟ್ಟಲ್ಲ.

ನಮ್ಮಲ್ಲಿ ಈ ಕೆಲಸಕ್ಕೆ ಆಗೋ, ಲೈಸೆನ್ಸ್ ಬೇಡದ ಬ್ಯಾಂಡ್ ಅಂದರೆ 865ರಿಂದ 868 ಮೆಗಾಹರ್ಟ್ಸ್. ಹುಡುಕೋದಿದ್ದರೆ ಅದರಲ್ಲಿ ಹುಡುಕಿ.

ಬೋರ್ಡು_ಬೆಸುಗೆ (ಚಿಂತಾಮಣಿ):
ಮೇಲಿನವರು ಹೇಳಿದ ಬ್ಯಾಂಡಿನಲ್ಲೇ ಲೋರಾ (ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಸಣ್ಣ ಸಂದೇಶ ಕಳಿಸೋ ರೇಡಿಯೊ) ಬೋರ್ಡುಗಳು ಸಿಗ್ತವೆ. ಟಿ-ಬೀಮ್ ಅನ್ನೋದರಲ್ಲಿ ಜಿಪಿಎಸ್, ಲೋರಾ, 18650 ಬ್ಯಾಟರಿ ಹೋಲ್ಡರ್ ಮೂರೂ ಒಂದೇ ಬೋರ್ಡಲ್ಲಿವೆ. 433 ಅಥವಾ 915ರದ್ದು ತಗೋಬೇಡಿ, 868 ಅಂತ ಬರೆದಿರೋದನ್ನೇ ಕೇಳಿ. ಮೆಶ್‌ಟಾಸ್ಟಿಕ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ಹಾಕಿ, ರೀಜನ್‌ನಲ್ಲಿ ಇಂಡಿಯಾ ಆರಿಸಿ. ಆಂಟೆನಾ ತಿರುಗಿಸಿ ಕೂರಿಸದೆ ಯಾವತ್ತೂ ಪವರ್ ಕೊಡಬೇಡಿ, ಕಳಿಸಿದ ಶಕ್ತಿ ವಾಪಸ್ ಬಂದು ರೇಡಿಯೊ ಚಿಪ್ ಸುಟ್ಟುಹೋಗಬಹುದು.

ನಾಯಿಗೊಂದರಂತೆ ಮೂರು, ನಿಮ್ಮ ಹತ್ತಿರ ಒಂದು. ನಿಮ್ಮ ಹತ್ತಿರದ್ದನ್ನ ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸಿದರೆ ನಾಯಿ ಜಾಗ ಫೋನಲ್ಲಿ ಕಾಣುತ್ತೆ. ಐದನೆಯದನ್ನ ಸುತ್ತಲಲ್ಲೇ ಎತ್ತರದ ಜಾಗದಲ್ಲಿಟ್ಟರೆ ಗುಡ್ಡದ ಆಚೆಯಿಂದ ಬಂದದ್ದನ್ನ ಅದು ಈಚೆಗೆ ದಾಟಿಸುತ್ತೆ. ನಿಮ್ಮ ನೆಲಕ್ಕೆ ಈ ಐದನೆಯದೇ ಮುಖ್ಯ. ಇದೊಂದು ಇಲ್ಲದಿದ್ದರೆ ಉಳಿದ ನಾಲ್ಕಕ್ಕೆ ಹಾಕಿದ ದುಡ್ಡು ವ್ಯರ್ಥ. ಜಾಗ ಕಳಿಸೋ ಅಂತರ ಮೊದಲಿಗೆ 15 ನಿಮಿಷ ಇರುತ್ತೆ. ಓಡೋ ನಾಯಿಗೆ ಅದು ಸಾಲದು, ಒಂದೆರಡು ನಿಮಿಷಕ್ಕೆ ಇಳಿಸಿ. ಬ್ಯಾಟರಿ ಬೇಗ ಇಳಿಯುತ್ತೆ, ಹಾಗಾಗಿ ದಿನಾ ಚಾರ್ಜ್ ಮಾಡೋ ಲೆಕ್ಕ ಇಟ್ಕೊಳ್ಳಿ. ಬೋರ್ಡಿಗೆ ನೀರು ಹೋಗದ, ಕಚ್ಚಿದರೆ ಒಡೆಯದ ಡಬ್ಬಿ ನೀವೇ ಮಾಡಿಸಬೇಕು.

ಸಿಮ್ ಹಾಕೋ ಟ್ರ್ಯಾಕರ್ ಸಿಗ್ನಲ್ ಇರೋ ಊರಿನ ಸುತ್ತ ಸರಿ. ಅಗ್ಗದವು ಹಲವು 2ಜಿ, ಅದರಲ್ಲಿ ಜಿಯೊ ಸಿಮ್ ನಡೆಯಲ್ಲ. ಏರ್‌ಟ್ಯಾಗ್ ಥರದವು ಹತ್ತಿರದಲ್ಲಿ ಯಾರದೋ ಫೋನ್ ಇದ್ದರೆ ಮಾತ್ರ ಜಾಗ ಹೇಳ್ತವೆ, ಕಾಡಿಗೆ ಬೇಡ.

ಬೆಟ್ಟದ_ಹಾದಿ (ಮಧುಗಿರಿ):
ಕೈಯಲ್ಲಿ ಹಿಡಿಯೋ ಜಿಪಿಎಸ್‌ಗೆ ಗಾರ್ಮಿನ್‌ನ ಇಟ್ರೆಕ್ಸ್ 32ಎಕ್ಸ್ ನೋಡಿ. 22ಎಕ್ಸ್ ಅಗ್ಗ, ಆದರೆ ಅದರಲ್ಲಿ ಎಲೆಕ್ಟ್ರಾನಿಕ್ ದಿಕ್ಸೂಚಿ ಇಲ್ಲ. ನಡೀತಾ ಇದ್ದರೆ ಮಾತ್ರ ದಿಕ್ಕು ತೋರಿಸುತ್ತೆ, ನಿಂತರೆ ಬಾಣ ಎಲ್ಲೆಲ್ಲೋ ತಿರುಗುತ್ತೆ. ನಾಯಿ ಹುಡುಕೋರು ನಿಂತು ಕಿವಿಗೊಡೋದೇ ಹೆಚ್ಚು, ಅಲ್ಲೇ ಅದು ಕೈಕೊಡೋದು. ಬ್ಯಾಟರಿ ಬದಲಿಸಿದಾಗೆಲ್ಲ ದಿಕ್ಸೂಚಿ ಕ್ಯಾಲಿಬ್ರೇಟ್ ಮಾಡಿ. ಎರಡು ಎಎ ಸೆಲ್ ಸಾಕು. ರೀಚಾರ್ಜ್ ಸೆಲ್ ಹಾಕಿದರೆ ಸೆಟ್ಟಿಂಗ್ಸ್‌ನಲ್ಲಿ ಸೆಲ್ ಬಗೆ ಬದಲಿಸಿ, ಇಲ್ಲದಿದ್ದರೆ ಉಳಿದ ಚಾರ್ಜ್ ತಪ್ಪು ತೋರಿಸುತ್ತೆ. ಮೈಕ್ರೊಎಸ್‌ಡಿ ಕಾರ್ಡಿನ ಗಾರ್ಮಿನ್ ಫೋಲ್ಡರಿಗೆ ಓಪನ್‌ಸ್ಟ್ರೀಟ್‌ಮ್ಯಾಪ್ ಫೈಲ್ ಹಾಕಿದರೆ ನಕ್ಷೆ ಪುಕ್ಕಟೆ.

ಒಂದು ಮಾತು: ಇದು ಲೋರಾ ಸಿಗ್ನಲ್ ಹಿಡಿಯಲ್ಲ. ಫೋನಲ್ಲಿ ಬಂದ ಅಂಕಿಯನ್ನ ನೀವೇ ವೇಪಾಯಿಂಟ್ (ಗುರುತು ಮಾಡಿಟ್ಟ ಜಾಗ) ಆಗಿ ಹಾಕಬೇಕು, ಎಡವೋದು ಇಲ್ಲೇ. ಫೋನ್ 13.36 ಡಿಗ್ರಿ ಅಂತ ದಶಮಾಂಶದಲ್ಲಿ ಕೊಡುತ್ತೆ, ಇಟ್ರೆಕ್ಸ್ ಡಿಗ್ರಿ-ನಿಮಿಷ ಕೇಳುತ್ತೆ. 13.36 ಡಿಗ್ರಿ ಅಂದರೆ 13 ಡಿಗ್ರಿ 21.6 ನಿಮಿಷ. 13 ಡಿಗ್ರಿ 36 ನಿಮಿಷ ಅಂತ ಹಾಕಿದರೆ ಸುಮಾರು 26.5 ಕಿ.ಮೀ. ಉತ್ತರಕ್ಕೆ ಹೋಗ್ತೀರಿ. ಪೊಸಿಷನ್ ಫಾರ್ಮ್ಯಾಟ್ ಎರಡರಲ್ಲೂ ಒಂದೇ ಇಡಿ. ಡೇಟಮ್ (ಅಕ್ಷಾಂಶ-ರೇಖಾಂಶ ಅಳೆಯೋ ಆಧಾರ) ಡಬ್ಲ್ಯುಜಿಎಸ್ 84 ಇರಲಿ. ಸರ್ವೆ ಆಫ್ ಇಂಡಿಯಾದ ಹಳೆ ಟೊಪೊಶೀಟ್ (ಭೂನಕ್ಷೆ) ಎವರೆಸ್ಟ್ ಡೇಟಮ್‌ನದು, ಅದರ ಅಂಕಿ ನೇರ ಹಾಕಬೇಡಿ. ರೊಪ್ಪ, ನೀರಿನ ದೊಣೆ, ಕಾಲುದಾರಿ ಕವಲು ಇವನ್ನೆಲ್ಲ ಮೊದಲೇ ವೇಪಾಯಿಂಟ್ ಮಾಡಿಟ್ಟುಕೊಳ್ಳಿ.

ಶಿರಾ_ಮಂದೆ:
ಎಲ್ಲರಿಗೂ ಥ್ಯಾಂಕ್ಸ್. ನಾಯಿಗಳಿಗೆ ಚಿರತೆಗಂತ ಕಬ್ಬಿಣದ ಮುಳ್ಳುಪಟ್ಟಿ ಕಟ್ಟಿದ್ದೀವಿ. ಅದರ ಮೇಲೆ ಇದನ್ನ ಕಟ್ಟಬಹುದಾ?

ಕುರಿಹಟ್ಟಿ_ಪಾವಗಡ:
ಮುಳ್ಳುಪಟ್ಟಿ ಬಿಚ್ಚಬೇಡಿ ಅಣ್ಣ, ಚಿರತೆ ಹಾಯೋದೇ ಕುತ್ತಿಗೆಗೆ. ಆದರೆ ಎರಡೂ ಒಂದರ ಮೇಲೊಂದು ಬೇಡ. ಆಂಟೆನಾ ಪಕ್ಕದಲ್ಲಿ ಕಬ್ಬಿಣ ಇದ್ದರೆ ಸಿಗ್ನಲ್ ಕುಗ್ಗುತ್ತೆ. ಎದೆಗೆ, ಬೆನ್ನಿಗೆ ಸುತ್ತಿ ಬರೋ ನವಾರಿನ ಪಟ್ಟಿ ಹೊಲಿಸಿ, ಡಬ್ಬಿ ಭುಜದ ಹಿಂದೆ ಬೆನ್ನ ಮೇಲೆ ಕೂರಲಿ. ಜಿಪಿಎಸ್ ಆಂಟೆನಾ ಆಕಾಶ ನೋಡಬೇಕು. ಹೊಟ್ಟೆ ಕಡೆ ಜಾರಿದರೆ ನಾಯಿ ಮೈಯೇ ಉಪಗ್ರಹಕ್ಕೆ ಅಡ್ಡ. ಪಟ್ಟಿ ಕೆಳಗೆ ಎರಡು ಬೆರಳು ತೂರಬೇಕು, ಅಷ್ಟೇ ಸಡಿಲ. ಹೆಚ್ಚು ಸಡಿಲಿದ್ದರೆ ಜಾಲಿ ಮುಳ್ಳಿಗೆ ಸಿಕ್ಕಿಕೊಳ್ಳುತ್ತೆ. ಡಬ್ಬಿ ಸೇರಿ ಕಾಲು ಕಿಲೋ ದಾಟದ ಹಾಗೆ ನೋಡ್ಕೊಳ್ಳಿ. ರಾತ್ರಿ ರೊಪ್ಪದಲ್ಲಿ ಬಿಚ್ಚಿ, ಕಂಕುಳ ಹತ್ತಿರ ಕೂದಲು ಸರಿಸಿ ನೋಡಿ. ಚರ್ಮ ಕೆಂಪಾಗಿದ್ದರೆ ಎರಡು ದಿನ ಕಟ್ಟಬೇಡಿ, ಅಲ್ಲೇ ಉಣ್ಣೆ ಹುಳ ಸೇರಿ ಹುಣ್ಣಾಗುತ್ತೆ.

ಪರದೆ ಮೇಲಿನ ಚುಕ್ಕೆ ಒಂದೇ ಕಡೆ ನಿಂತಿದ್ದರೆ ನಾಯಿ ನಿಂತಿದೆ ಅಂತಲೇ ಅಲ್ಲ. ಕೊನೆ ಸಂದೇಶ ಎಷ್ಟು ಹೊತ್ತಿನದು ನೋಡಿ. ಬಂಡೆ ಸಂದಿಗೆ ನುಗ್ಗಿದರೆ ಹಳೆ ಚುಕ್ಕೆಯೇ ಉಳಿದಿರುತ್ತೆ. ಹಾಗಿದ್ದರೆ ಒಬ್ಬರೇ ಸಂದಿಗೆ ಇಳಿಯಬೇಡಿ, ಕರಡಿ ಇರೋ ಜಾಗ ಅದು.

ಇನ್ನೊಂದು, ಬುಕ್ಕಾಪಟ್ಟಣ 2019ರಿಂದ ಚಿಂಕಾರ (ಸಣ್ಣ ಹುಲ್ಲೆ) ಅಭಯಾರಣ್ಯ. 1972ರ ವನ್ಯಜೀವಿ ಕಾಯ್ದೆಯಲ್ಲಿ ಪ್ರಾಣಿಯನ್ನ ಅಟ್ಟಿಸೋದೂ ಬೇಟೆಯೇ. ಚುಕ್ಕೆ ಗಡಿ ಕಡೆ ಹೊರಟಿದ್ದು ಕಂಡ ತಕ್ಷಣ ಕೂಗಿ ಕರೀರಿ.