ಅಪ್‌ಡೇಟ್: ತಂದೆಯವರ ಆರೈಕೆ ಮತ್ತು ಮಗಳ ಎಂಜಿನಿಯರಿಂಗ್ ಶುಲ್ಕ
ಹಾಸನದಲ್ಲಿರುವ ತಂದೆಯವರ ಆರೈಕೆಗೂ ಮಗಳ ಶುಲ್ಕಕ್ಕೂ ನನ್ನ ಭವಿಷ್ಯನಿಧಿಯನ್ನೇ ತೆಗೆಯಬೇಕೇ ಎಂದು ಈ ಹಿಂದೆ ಇಲ್ಲಿ ಕೇಳಿದ್ದೆ; ಆ ಅಗತ್ಯ ಬೀಳಲಿಲ್ಲ. ಮಗಳ ಹೆಸರಿನಲ್ಲೇ ಶಿಕ್ಷಣ ಸಾಲ ಪಡೆಯಿರಿ ಎಂದವರ ಸಲಹೆ ಕೈಹಿಡಿಯಿತು: ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಮಾತ್ರ ಮೊದಲಿನಿಂದಲೇ ಬೆಳೆಯುತ್ತದೆ ಎಂಬುದನ್ನು ಅವಳಿಗೆ ಲೆಕ್ಕ ಹಾಕಿ ತೋರಿಸಿದ್ದೇನೆ.

ತಂದೆಯವರನ್ನು ಬೆಂಗಳೂರಿಗೆ ಕರೆತರುವ ಸಲಹೆ ನಡೆಯಲಿಲ್ಲ; ತೆಂಗಿನ ಸಸಿಗಳಿಗೆ ನೀರು ಬಿಡುವವರಾರು ಎಂದು ಅವರು ಕೇಳಿದ ಮೇಲೆ ಮಾತು ಮುಂದುವರಿಯಲಿಲ್ಲ. ಬದಲಿಗೆ ಅವರ ಠೇವಣಿಯನ್ನು ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ತೊಡಗಿಸಿದೆವು. ಮೂರು ತಿಂಗಳಿಗೊಮ್ಮೆ ಬರುವ ಬಡ್ಡಿಯಲ್ಲಿ ಆರೈಕೆಗೆ ಬರುವವರ ಸಂಬಳದ ಬಹುಪಾಲು ಸರಿದೂಗುತ್ತದೆ.

ಅಚ್ಚರಿಯೆಂದರೆ, ಅರವತ್ತು ದಾಟಿದ ತಂದೆತಾಯಿಗೆ ಆರೋಗ್ಯ ವಿಮೆ ಇಲ್ಲದಿದ್ದರೆ, ನಗದಲ್ಲದೆ ಬೇರೆ ರೂಪದಲ್ಲಿ ಪಾವತಿಸಿದ ವೈದ್ಯಕೀಯ ವೆಚ್ಚಕ್ಕೂ ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿ (ಅದನ್ನು ಈಗಲೂ ಆರಿಸಿಕೊಳ್ಳಬಹುದು) ತೆರಿಗೆಗೆ ಒಳಪಡುವ ನಮ್ಮ ಆದಾಯದಿಂದ ವರ್ಷಕ್ಕೆ 50,000 ರೂಪಾಯಿವರೆಗೆ ಕಡಿತ ಸಿಗುತ್ತದೆ. ಆದ್ದರಿಂದ ಔಷಧದಂಗಡಿಯಲ್ಲಿ ಈಗ ಯುಪಿಐ ಮೂಲಕವೇ ಪಾವತಿಸಿ ರಸೀದಿ ಇಟ್ಟುಕೊಳ್ಳುತ್ತಿದ್ದೇವೆ.