ಸಭೆಯವರ ಜಗಳ ಊರಿಗೆಲ್ಲ ಗೊತ್ತಾಗಿದೆ, ಏನು ಮಾಡುವುದು?

ಸಕಲೇಶಪುರದವ: ನಮ್ಮ ಕ್ರೈಸ್ತ ಸಭೆಯ ಎರಡು ಕುಟುಂಬಗಳ ತೋಟದ ಬೇಲಿ ತಕರಾರು ಕೋರ್ಟ್ ಮೆಟ್ಟಿಲೇರಿದೆ. ಊರವರು ಆಡಿಕೊಳ್ಳುತ್ತಿದ್ದಾರೆ. ‘ನಿಮ್ಮೊಳಗೆ ಪ್ರೀತಿಯಿದ್ದರೆ ನೀವು ನನ್ನ ಶಿಷ್ಯರೆಂದು ಎಲ್ಲರೂ ತಿಳಿಯುವರು’ ಎಂಬ ಯೇಸುವಿನ ಮಾತನ್ನು (ಬೈಬಲ್, ಯೋಹಾನ 13:35) ಸಾರುವ ನಾವು ಎಲ್ಲಿಂದ ಶುರುಮಾಡಬೇಕು?

ಮೂಡಿಗೆರೆ ಹಿರಿಯ: ಮತ್ತಾಯ 18:15-17ರ ಕ್ರಮ ಹಿಡಿಯಿರಿ. ಮೊದಲು ಅವರಿಬ್ಬರೇ ಕೂರಲಿ. ಆಗದಿದ್ದರೆ ಒಬ್ಬಿಬ್ಬರು ಸಾಕ್ಷಿಗಳು, ಸಭೆಯ ಮುಂದೆ ತರುವುದು ಆಮೇಲೆ. ಕೆಡುವುದು ಇಲ್ಲೇ: ಮೊದಲ ಹೆಜ್ಜೆ ಬಿಟ್ಟು ‘ಪ್ರಾರ್ಥನೆ ಮಾಡಿ’ ಎಂದು ವಾಟ್ಸಾಪ್ ಗುಂಪಿಗೆ ಹಾಕಿಬಿಡುತ್ತಾರೆ! ಸಾಕ್ಷಿಗಳು ಯಾರ ಕಡೆಯ ನೆಂಟರೂ ಆಗಿರಬಾರದು. ಪಹಣಿ, ಸರ್ವೆ ನಕ್ಷೆ ಎದುರಿಗಿಟ್ಟುಕೊಂಡೇ ಮಾತಾಡಿ.

ಹಾಸನ ಓದುಗ: 1 ಕೊರಿಂಥ 6:6-7 ಕೂಡ ನೋಡಿ, ಅವಿಶ್ವಾಸಿಗಳ ಮುಂದೆ ಸಹೋದರರ ವ್ಯಾಜ್ಯ ಎಂಬುದೇ ಪೌಲನ ಆಕ್ಷೇಪ. ಆದರೆ ಹೊಡೆದಾಟ ನಡೆದಿದ್ದರೆ ಪೊಲೀಸರಿಗೆ ಹೇಳಲೇಬೇಕು. ಮುಚ್ಚಿಡುವುದು ಪ್ರೀತಿಯಲ್ಲ.

ಸಕಲೇಶಪುರದವ: ರಾಜಿಯಾದರೆ ಕೇಸಿನ ಗತಿ?

ಮೂಡಿಗೆರೆ ಹಿರಿಯ: ಷರತ್ತು ಬರೆದು ಸಹಿ ಹಾಕಿಸಿ, ವಕೀಲರ ಮೂಲಕ ಕೋರ್ಟಿಗೇ ಸಲ್ಲಿಸಿ. ಲೋಕ ಅದಾಲತ್‌ನಲ್ಲಿ ಮುಗಿದರೆ ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ.